ರಾಯಚೂರಿನ ಬಿಸಿಲಿನಲ್ಲಿ ಒಂದು ಗುಂಟೆ ಪಲ್ಯದ ತೋಟ

ತರಕಾರಿ ಬೆಳೆಯಲು ಸಿಗುವ ಬಹುಪಾಲು ವೇಳಾಪಟ್ಟಿಗಳು ಬೆಂಗಳೂರಿನ ಹವೆಗೆ ಹೊಂದುವಂಥವು. ಅವನ್ನು ನಂಬಿ ರಾಯಚೂರಿನಲ್ಲಿ ಏಪ್ರಿಲ್ ತಿಂಗಳು ಕೊತ್ತಂಬರಿ ಬಿತ್ತಿದರೆ ಬೀಜವೂ ಹೋಯಿತು, ನೀರೂ ಹೋಯಿತು. ನಮ್ಮ ಕಡೆ ಬಿಸಿಲು ಮತ್ತು ಬೋರಿನ ಸವಳು ನೀರು, ಇವೆರಡನ್ನು ನೋಡಿಕೊಂಡೇ ಬೆಳೆಯ ಲೆಕ್ಕ ಹಾಕಬೇಕು. ಮನೆ ಪಕ್ಕದ 30x40 ಸೈಟಿನಲ್ಲಿ, ಅಂದರೆ ಒಂದು ಗುಂಟೆಗಿಂತ ತುಸು ಹೆಚ್ಚು ಜಾಗದಲ್ಲಿ, ನಾನು ನಮ್ಮ ಓಣಿಗೆ ಬೇಕಾದ ಪಲ್ಯ ಬೆಳೆಯುತ್ತೇನೆ. ಹೀಗೆ ಶುರು ಮಾಡಬೇಕು ಅನ್ನುವವರಿಗೆ ಇದು ಉಪಯೋಗವಾದೀತು.

ಗುದ್ದಲಿ ಹಿಡಿಯುವ ಮೊದಲು ಒಂದು ಬಾಟಲಿ ಬೋರಿನ ನೀರನ್ನು ಪರೀಕ್ಷೆಗೆ ಕೊಡಿರಿ. ವರದಿಯಲ್ಲಿ ‘ಇ.ಸಿ.’ ಅಂತ ಒಂದು ಅಂಕಿ ಇರುತ್ತದೆ, ನೀರಿನ ಉಪ್ಪಿನ ಅಳತೆ ಅದು. ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ. 0.7ರಿಂದ 3ರ ನಡುವೆ ಇದ್ದರೆ ಬೆಳೆಯನ್ನು ಆರಿಸಿಕೊಳ್ಳಬೇಕು. 3 ದಾಟಿದ್ದರೆ ಆ ನೀರೊಂದನ್ನೇ ನಂಬಿ ತೋಟಕ್ಕೆ ಇಳಿಯಬೇಡಿರಿ. ಬೀಟ್‌ರೂಟ್, ಪಾಲಕ್ ಸ್ವಲ್ಪ ಉಪ್ಪು ತಡೆಯುತ್ತವೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ತಡೆಯುವುದಿಲ್ಲ, ಅವಕ್ಕೆ ಸಿಹಿ ನೀರೇ ಬೇಕು. ಸವಳು ನೀರನ್ನು ಎಲೆ ಮೇಲೆ ಚಿಮುಕಿಸಿದರೆ ಎಲೆಯಂಚು ಸುಡುತ್ತದೆ. ಆದ್ದರಿಂದ ಬುಡಕ್ಕೆ ಮಾತ್ರ, ಅದೂ ಡ್ರಿಪ್ಪಿನಲ್ಲಿ ಬಿಡಿರಿ. ಪೈಪಿನ ಕೊನೆಯ ಬಿರಡೆ ಆಗಾಗ ತೆಗೆದು ತೊಳೆಯದಿದ್ದರೆ ಸುಣ್ಣ ಕಟ್ಟಿ ತೂತು ಮುಚ್ಚುತ್ತದೆ.

ಮಾಳಿಗೆಯ ನೀರನ್ನು ಚರಂಡಿಗೆ ಬಿಡುವುದು ನನಗೆ ಸಹಿಸಲಾಗದ ಸಂಗತಿ. 1000 ಚದರ ಅಡಿ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರಾಗುತ್ತದೆ. ಸೋರಿದ್ದು, ಚೆಲ್ಲಿದ್ದು ಕಳೆದರೂ ಒಂದು ದೊಡ್ಡ ಸಿಂಟೆಕ್ಸ್ ಟಾಕಿ ಮುಕ್ಕಾಲು ತುಂಬುವಷ್ಟು ಉಳಿಯುತ್ತದೆ. ಆ ನೀರು ಸಸಿ ಮಡಿಗೆ ಮೀಸಲು. ಮೊಳಕೆ ಮತ್ತು ಎಳೆ ಸಸಿಗಳೇ ಉಪ್ಪಿಗೆ ಬೇಗ ಸೋಲುವುದು.

ಮಣ್ಣು ನಮ್ಮದು ಎರೆ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮೂರಡಿ ಅಗಲ, ಒಂದಡಿ ಎತ್ತರದ ಮಡಿ ಕಟ್ಟಿ, ತಿಪ್ಪೆಗೊಬ್ಬರ ಧಾರಾಳವಾಗಿ ಸೇರಿಸಿ, ಮೇಲೆ ಎರಡು ಬೆರಳು ದಪ್ಪ ಭತ್ತದ ಹೊಟ್ಟು ಹೊದಿಸಿರಿ. ರೈಸ್ ಮಿಲ್ಲುಗಳ ಊರಿನಲ್ಲಿ ಹೊಟ್ಟಿಗೇನು ಬರ! ಆದರೆ ಮಿಲ್ಲಿನ ಬೂದಿ ತಂದು ಸುರಿಯಬೇಡಿರಿ. ಎರೆ ಮಣ್ಣು ಮೊದಲೇ ಕ್ಷಾರ, ಬೂದಿ ಬಿದ್ದರೆ ಕ್ಷಾರ ಇನ್ನೂ ಏರಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕದೆ ಎಳೆ ಎಲೆ ಬೆಳ್ಳಗಾಗುತ್ತದೆ.

ಇನ್ನು ಬೇಸಿಗೆ. ಮಾರ್ಚ್‌ನಿಂದ ಮೇ ತನಕ ಇಡೀ ತೋಟ ಹಸಿರಾಗಿಡುವ ಹಟ ಬೇಡ. ನಾನು ಅರ್ಧ ತೋಟವನ್ನು ಬಿಸಿಲಿಗೇ ಬಿಟ್ಟುಕೊಡುತ್ತೇನೆ. ಮಡಿ ಸಮ ಮಾಡಿ, ಚೆನ್ನಾಗಿ ನೀರು ಕುಡಿಸಿ, 25 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ನಾಲ್ಕೂ ಅಂಚು ಮಣ್ಣಿನಲ್ಲಿ ಹೂಳಿರಿ. ಕಪ್ಪು ಹಾಳೆ ಈ ಕೆಲಸಕ್ಕೆ ಬಾರದು, ಬಿಸಿಲು ಹಾಳೆ ದಾಟಿ ಮಣ್ಣಿಗೆ ಮುಟ್ಟಬೇಕು. ನಾಲ್ಕರಿಂದ ಆರು ವಾರ ಹಾಗೇ ಬಿಟ್ಟರೆ ಮೇಲ್ಮಣ್ಣು ಬೆಂದು ಕಸದ ಬೀಜ, ಬೇರುಗಂಟಿನ ಜಂತು, ಸೊರಗು ರೋಗದ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ಔಷಧಿಗೆ ಕೊಡುವ ದುಡ್ಡಿನ ಕೆಲಸವನ್ನು ನಮ್ಮ ಬಿಸಿಲು ಪುಕ್ಕಟೆ ಮಾಡಿಕೊಡುತ್ತದೆ. ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬಾರದು, ಕೆಳಗಿನ ಜೀವಂತ ಕಸದ ಬೀಜ ಮೇಲೆ ಬರುತ್ತದೆ. ಕುರ್ಚಗಿಯಿಂದ ಗೀರಿ ಬಿತ್ತಿದರೆ ಸಾಕು.

ಉಳಿದ ಅರ್ಧಕ್ಕೆ 50 ಶೇಕಡಾ ನೆರಳಿನ ಹಸಿರು ಪರದೆ ಕಟ್ಟಿ ಪುಂಡಿ, ರಾಜಗಿರಿ, ಚವಳಿಕಾಯಿ ಬೆಳೆಯಿರಿ. ರಾಜಗಿರಿಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಈ ದಿನಗಳಲ್ಲಿ ಟಮಾಟೆ ಬೇಡವೇ ಬೇಡ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ.

ಮುಂಗಾರಿನಲ್ಲಿ ಮೊದಲ ಮಳೆಗೇ ಎಲ್ಲ ಬೀಜ ಚೆಲ್ಲಬೇಡಿರಿ. ಮೃಗಶಿರಾ ಸುರಿದು ಆರಿದ್ರಾ ಕೈಕೊಡುವ ವರ್ಷಗಳಿವೆ. ಬೆಂಡಿ, ಹೀರೆ, ಹಾಗಲ, ಸೌತೆ ಈಗಿನ ಬೆಳೆ. ಬಳ್ಳಿಯ ಚಪ್ಪರವನ್ನು ಆಷಾಢದ ಗಾಳಿ ಬರುವ ಮೊದಲೇ ಗಟ್ಟಿ ಮಾಡಿರಿ. ಬೇವಿನ ಹಣ್ಣು ಉದುರುವುದೂ ಈ ಹೊತ್ತಿಗೇ. ಆರಿಸಿ ತಂದು, ತೊಗಟೆ ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿಟ್ಟರೆ ವರ್ಷದ ಔಷಧಿ ಮನೆಯಲ್ಲೇ ಇದ್ದಂತೆ. ಅರ್ಧ ಕಿಲೋ ಬೀಜದ ತಿರುಳು ಕುಟ್ಟಿ, ಅರಿವೆಯಲ್ಲಿ ಕಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡಿ, ಒಟ್ಟು 10 ಲೀಟರ್ ಮಾಡಿ, ಚೂರು ಸೋಪು ಕದಡಿ, ಸಂಜೆ ಎಲೆಯ ಕೆಳಬದಿಗೆ ಸಿಂಪಡಿಸಿರಿ. ಸುತ್ತ ಹತ್ತಿ, ಮೆಣಸಿನಕಾಯಿ ಹೊಲಗಳಿರುವುದರಿಂದ ಬಿಳಿನೊಣ, ನುಸಿ ನಮಗೆ ತಪ್ಪಿದ್ದಲ್ಲ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬಂದಾಗ ಡ್ರಿಪ್ ನಿಲ್ಲಿಸಿ ಮಳೆ ನೀರು ಮಡಿಯಲ್ಲಿ ಇಳಿದು ಹೋಗಲು ಬಿಡಿರಿ. ಬೇಸಿಗೆಯಲ್ಲಿ ಕೂತ ಉಪ್ಪು ಆಗಲೇ ಕೆಳಗೆ ತೊಳೆದುಹೋಗಬೇಕು.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಮನೆಗಳಲ್ಲಿ ಬದನೀಕಾಯಿ ಎಣ್ಣೆಗಾಯಿ, ಸಜ್ಜಿ ರೊಟ್ಟಿ ಆಗಬೇಕು. ಆ ದಿನಕ್ಕೆ ಎಳೆ ಕಾಯಿ ಕೊಡಬೇಕಾದರೆ ಹಿಂದಿನಿಂದ ಎಣಿಸಿರಿ. ನಾಟಿ ಮಾಡಿ ಕಾಯಿ ಬಿಡಲು ಎರಡು ತಿಂಗಳ ಮೇಲೆ ಬೇಕು, ಸಸಿಗೆ ಇನ್ನೊಂದು ತಿಂಗಳು. ಅಂದರೆ ಗಣೇಶ ಚೌತಿ ಮುಗಿದ ಕೂಡಲೇ ಬದನೆ ಬೀಜ ಸಸಿ ಮಡಿಗೆ ಬೀಳಬೇಕು. ಟಮಾಟೆಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ದಸರೆಯಿಂದ ಸಂಕ್ರಾಂತಿವರೆಗೆ ನಮ್ಮ ಸುಗ್ಗಿ. ಮೆಂತ್ಯ, ಪಾಲಕ್, ಸಬ್ಬಸಗಿ, ಕೊತ್ತಂಬರಿ, ಮೂಲಂಗಿ ಎಲ್ಲವೂ ಬರುತ್ತವೆ. ಒಂದೇ ಸಲ ಬಿತ್ತದೆ ವಾರಕ್ಕೊಂದು ಸಾಲು ಬಿತ್ತಿರಿ. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಒಟ್ಟಿಗೆ ಬಂದರೆ ಓಣಿಯವರು ಎಷ್ಟಂತ ಕೊಂಡಾರು? ಕೊತ್ತಂಬರಿ ಬೀಜ ಎರಡು ಹೋಳಾಗುವಂತೆ ತಿಕ್ಕಿ ಬಿತ್ತಬೇಕು. ಸಂಕ್ರಾಂತಿ ದಾಟಿ ಬಿತ್ತಿದ್ದು ಎಲೆ ತುಂಬುವ ಮೊದಲೇ ಹೂವಿಗೆ ಹೋಗುತ್ತದೆ.

ಪುಂಡಿ ಹಗಲು ಕಿರಿದಾದಾಗ ಹೂ ಬಿಡುವ ಗಿಡ. ಚಳಿಗಾಲದಲ್ಲಿ ನಾಲ್ಕು ಒಳ್ಳೆ ಗಿಡ ಕೊಯ್ಯದೆ ಬಿಟ್ಟರೆ ಮುಂದಿನ ವರ್ಷಕ್ಕೆ ಬೀಜ ಸಿಗುತ್ತದೆ. ಚವಳಿ, ನಾಟಿ ಬೆಂಡಿಗೂ ಹೀಗೇ ಮಾಡಿರಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಟಮಾಟೆಯ ಬೀಜ ಮಾತ್ರ ತೆಗೆದಿಡಬೇಡಿರಿ, ಅದರಿಂದ ಹುಟ್ಟುವ ಗಿಡ ತಾಯಿಯಂತಿರುವುದಿಲ್ಲ. ಇಟ್ಟ ಬೀಜವನ್ನು ಬಿತ್ತುವ ವಾರದ ಮುಂಚೆ ಇಪ್ಪತ್ತು ಕಾಳು ಒದ್ದೆ ಅರಿವೆಯಲ್ಲಿ ಸುತ್ತಿ ನೋಡಿರಿ. ಹದಿನಾಲ್ಕಕ್ಕಿಂತ ಕಡಿಮೆ ಮೊಳೆತರೆ ಸಾಲು ಒತ್ತಾಗಿ ಬಿತ್ತಿರಿ, ಅರ್ಧವೂ ಮೊಳೆಯದಿದ್ದರೆ ಹೊಸ ಬೀಜ ತನ್ನಿರಿ.