ಆರ್‌ಸಿಂಕ್ ಬಳಸಿ ಬ್ಯಾಕಪ್ ಇಡುವುದು ಹೇಗೆ?

ಮುಂಬಯಿಯ ಉಪನಗರದ ಒಂದು ಕನ್ನಡ ಸಂಘದ ಫೋಟೊ, ಧ್ವನಿಮುದ್ರಣ ಮತ್ತು ಲೆಕ್ಕಪತ್ರಗಳನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಹಳೆಯ ಆಮಂತ್ರಣ ಪತ್ರಿಕೆಗಳ ಸ್ಕ್ಯಾನ್, ತಾಳಮದ್ದಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಆಡಿಯೊ, ಮಹಾಸಭೆಯ ನಡಾವಳಿ ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿವೆ. ಕಾರ್ಯದರ್ಶಿ ಬದಲಾದಾಗ ಆ ಲ್ಯಾಪ್‌ಟಾಪ್ ಚೀಲದಲ್ಲಿ ಕುಳಿತು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಇಂಥ ವಸ್ತುವಿನ ಒಂದೇ ಪ್ರತಿ ಇರಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಎರಡನೆಯ ಪ್ರತಿಯನ್ನು ಕ್ರಮಬದ್ಧವಾಗಿ ಇಡುವುದು ಹೇಗೆ ಎಂಬಲ್ಲಿಗೆ ಬಂದಾಗ ಹೆಚ್ಚಿನವರು ಮೌಸ್ ಹಿಡಿದು ಫೋಲ್ಡರನ್ನು ಎಳೆದು ಹಾಕುವುದಕ್ಕೇ ನಿಲ್ಲುತ್ತಾರೆ. ಹಾಗೆ ಮಾಡಿದಾಗ ಯಾವುದು ಹೊಸದು, ಯಾವುದು ಹಳೆಯದು, ಅರ್ಧಕ್ಕೆ ನಿಂತದ್ದು ಯಾವುದು ಎಂಬ ಲೆಕ್ಕ ನಾಲ್ಕನೆಯ ಸಲಕ್ಕೇ ತಪ್ಪಿಹೋಗುತ್ತದೆ.

ಈ ಕೆಲಸಕ್ಕಾಗಿಯೇ ಇರುವ ಉಚಿತ ಸಾಧನ ಆರ್‌ಸಿಂಕ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು 1996ರಲ್ಲಿ ಹೊರತಂದರು. ಲಿನಕ್ಸ್‌ನಲ್ಲಿ ಇದು ಸುಲಭವಾಗಿ ಸಿಗುತ್ತದೆ, ಮ್ಯಾಕ್‌ನಲ್ಲಿಯೂ ಇದೆ, ವಿಂಡೋಸ್ ಬಳಸುವವರು ಅದರೊಳಗಿನ ಲಿನಕ್ಸ್ ಸೌಲಭ್ಯವಾದ ಡಬ್ಲ್ಯುಎಸ್ಎಲ್ ಮೂಲಕ ಇದನ್ನು ನಡೆಸಬಹುದು. ಕೆಳಗಿನ ವಿವರಣೆಯನ್ನು ಲಿನಕ್ಸ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಆರ್‌ಸಿಂಕ್ ಎಂಬುದಕ್ಕೆ ಆರ್, ಎಸ್, ವೈ, ಎನ್, ಸಿ ಎಂಬ ಐದೇ ಅಕ್ಷರಗಳು.

ಮೊದಲು ಡಿಸ್ಕನ್ನು ಸಿದ್ಧಪಡಿಸಿಕೊಳ್ಳಿ

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಿಂದ ತಂದ ಹೊಸ ಹೊರಡಿಸ್ಕ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್ಎಸ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಫೈಲಿನ ಒಡೆತನ ಮತ್ತು ಅನುಮತಿಗಳ ವಿವರ ಉಳಿಯುವುದಿಲ್ಲ. ಮುಂದೆ ಹೇಳಲಿರುವ ಹಾರ್ಡ್ ಲಿಂಕ್ ಸೌಲಭ್ಯವೂ ಅಲ್ಲಿಲ್ಲ. ಆದ್ದರಿಂದ ಬ್ಯಾಕಪ್‌ಗೆಂದೇ ಮೀಸಲಿಟ್ಟ ಡಿಸ್ಕನ್ನು ಲಿನಕ್ಸ್‌ನದೇ ಆದ ಎಕ್ಸ್ಟ್4 ಮಾದರಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ ಎಂಬುದನ್ನು ಮರೆಯಬಾರದು. ಡಿಸ್ಕಿಗೆ ಒಂದು ಸ್ಪಷ್ಟ ಹೆಸರು ಕೊಟ್ಟು, ಅದೇ ಹೆಸರನ್ನು ಅದರ ಮೈಮೇಲೂ ಚೀಟಿಯಲ್ಲಿ ಬರೆದು ಅಂಟಿಸಿ.

ತೋರಿಸು, ಆಮೇಲೆ ಮಾಡು

ಲ್ಯಾಪ್‌ಟಾಪ್‌ನಲ್ಲಿ ‘ದಾಖಲೆ’ ಎಂಬ ಫೋಲ್ಡರ್ ಇದೆ, ಹೊರಡಿಸ್ಕಿನಲ್ಲಿಯೂ ಅದೇ ಹೆಸರಿನ ಫೋಲ್ಡರ್ ಇದೆ ಎಂದುಕೊಳ್ಳೋಣ. ಮೊದಲ ಆಜ್ಞೆ ಹೀಗಿರಲಿ:

ಆರ್‌ಸಿಂಕ್ -ಎವಿಎನ್ /ಹೋಮ್/ಸಂಘ/ದಾಖಲೆ/ /ಮೀಡಿಯಾ/ಸಂಘ/ಹೊರಡಿಸ್ಕ್/ದಾಖಲೆ/

ಮೊದಲು ಬರುವ ವಿಳಾಸ ಮೂಲ, ಆಮೇಲೆ ಬರುವುದು ಗುರಿ. ‘ಎ’ ಎಂದರೆ ಒಳಗಿನ ಫೋಲ್ಡರುಗಳು, ತಾರೀಖು, ಅನುಮತಿ ಮೊದಲಾದವನ್ನು ಇದ್ದಂತೆಯೇ ಉಳಿಸು ಎಂದರ್ಥ. ‘ವಿ’ ಎಂದರೆ ಏನು ನಡೆಯುತ್ತಿದೆ ಎಂದು ಹೇಳುತ್ತಾ ಹೋಗು. ‘ಎನ್’ ಎಂದರೆ ಏನನ್ನೂ ಮುಟ್ಟದೆ, ಮಾಡಲಿರುವುದನ್ನು ಮಾತ್ರ ತೋರಿಸು. ಈ ಕೊನೆಯ ಅಕ್ಷರವೇ ನನಗೆ ಎಲ್ಲಕ್ಕಿಂತ ಮುಖ್ಯ. ಪಟ್ಟಿಯನ್ನು ಓದಿ, ನಿಮಗೆ ತಿಳಿದ ಹೊಸ ಫೈಲುಗಳೇ ಅದರಲ್ಲಿವೆ ಎಂದು ಖಚಿತವಾದ ಮೇಲೆ ‘ಎನ್’ ತೆಗೆದು ಅದೇ ಆಜ್ಞೆಯನ್ನು ಮತ್ತೆ ಕೊಡಿ.

ಮೂಲದ ಕೊನೆಯಲ್ಲಿರುವ ಓರೆಗೆರೆಯನ್ನು ಗಮನಿಸಿ. ‘ದಾಖಲೆ/’ ಎಂದು ಬರೆದರೆ ಫೋಲ್ಡರಿನ ಒಳಗಿರುವುದು ಹೋಗುತ್ತದೆ. ಗೆರೆಯಿಲ್ಲದೆ ‘ದಾಖಲೆ’ ಎಂದು ಬರೆದರೆ ಫೋಲ್ಡರೇ ಹೋಗಿ, ಅಲ್ಲಿ ದಾಖಲೆಯೊಳಗೆ ಇನ್ನೊಂದು ದಾಖಲೆ ಹುಟ್ಟಿಕೊಳ್ಳುತ್ತದೆ. ಗುರಿಯ ಕೊನೆಯ ಗೆರೆಗೆ ಇಂಥ ಪರಿಣಾಮವಿಲ್ಲ. ಡಿಸ್ಕಿನ ಜಾಗ ಏಕೆ ಇಷ್ಟು ಬೇಗ ತುಂಬಿತು ಎಂದು ನನ್ನಲ್ಲಿ ಕೇಳಿದವರ ಡಿಸ್ಕ್ ತೆರೆದು ನೋಡಿದಾಗ ಹಲವು ಸಲ ಕಂಡದ್ದು ಇದೇ ಜೋಡಿ ಫೋಲ್ಡರು.

ಎರಡನೆಯ ಸಲದಿಂದ ಕೆಲಸ ಬೇಗ ಮುಗಿಯುತ್ತದೆ. ಗಾತ್ರ ಮತ್ತು ಕೊನೆಯ ಬದಲಾವಣೆಯ ಸಮಯ ಎರಡೂ ಸರಿಹೊಂದಿದ ಫೈಲನ್ನು ಆರ್‌ಸಿಂಕ್ ಬಿಟ್ಟು ಮುಂದೆ ಹೋಗುತ್ತದೆ. ನಕಲು ಮಾಡುವಾಗಲೂ ಅದು ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆಯೇ ನಿಜವಾದ ಹೆಸರಿಡುತ್ತದೆ. ಆದ್ದರಿಂದ ನಡುವೆ ವಿದ್ಯುತ್ ಹೋದರೂ ಅರ್ಧ ಫೈಲೊಂದು ಪೂರ್ಣ ಫೈಲಿನ ಹೆಸರಿನಲ್ಲಿ ಕುಳಿತಿರುವ ಸಂಭವ ಕಡಿಮೆ.

ಅಳಿಸುವ ಆಯ್ಕೆ

ಮೂಲದಲ್ಲಿ ತೆಗೆದುಹಾಕಿದ ಫೈಲು ಗುರಿಯಲ್ಲಿ ತಾನಾಗಿ ಹೋಗುವುದಿಲ್ಲ. ಹೋಗಬೇಕೆಂದಿದ್ದರೆ ‘--ಡಿಲೀಟ್’ ಎಂದು ಸೇರಿಸಬೇಕು. ಆಗ ಎರಡೂ ಕಡೆ ಕನ್ನಡಿಯಂತೆ ಒಂದೇ ಆಗುತ್ತವೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು, ಏಕೆಂದರೆ ಕನ್ನಡಿ ನಮ್ಮ ತಪ್ಪನ್ನೂ ತೋರಿಸುತ್ತದೆ: ಸೋಮವಾರ ಕೈತಪ್ಪಿ ಅಳಿಸಿದ್ದು ಮಂಗಳವಾರ ಬ್ಯಾಕಪ್‌ನಿಂದಲೂ ಅಳಿದಿರುತ್ತದೆ.

ಹೊಸ ಡಿಸ್ಕ್ ತಂದ ಒಂದು ರಾತ್ರಿ ನಾನು ಅವಸರದಲ್ಲಿ ಮೂಲ ಮತ್ತು ಗುರಿಯನ್ನು ಅದಲುಬದಲಾಗಿ ಬರೆದೆ. ಅಳಿಸುವ ಆಯ್ಕೆ ಇತ್ತು, ‘ಎನ್’ ಇರಲಿಲ್ಲ. ಖಾಲಿ ಡಿಸ್ಕನ್ನೇ ಮೂಲವೆಂದು ತಿಳಿದ ಕಂಪ್ಯೂಟರ್ ಲ್ಯಾಪ್‌ಟಾಪ್‌ನ ಫೋಲ್ಡರನ್ನೂ ಖಾಲಿ ಮಾಡತೊಡಗಿತು; ಪರದೆಯ ಮೇಲೆ ‘ಡಿಲೀಟಿಂಗ್’ ಎಂಬ ಪದದಿಂದ ಶುರುವಾಗುವ ಸಾಲುಗಳು ಓದಲಾಗದಷ್ಟು ವೇಗದಲ್ಲಿ ಮೇಲೇರಿದವು. ಮುಲುಂಡಿನ ಗೆಳೆಯರ ಮನೆಯಲ್ಲಿಟ್ಟಿದ್ದ ಹಳೆಯ ಡಿಸ್ಕಿನಿಂದ ಬಹುಪಾಲು ಮರಳಿ ಬಂತು. ಆ ಡಿಸ್ಕಿಗೆ ನಕಲು ಮಾಡಿದ ಮೇಲೆ ಲ್ಯಾಪ್‌ಟಾಪ್‌ಗೆ ಸೇರಿಸಿದ್ದ, ಈಗ ನಮ್ಮೊಂದಿಗಿಲ್ಲದ ಹಿರಿಯರೊಬ್ಬರ ಒಂದು ಗಂಟೆಯ ಮಾತು ಮಾತ್ರ ಬರಲಿಲ್ಲ.

ಅಂದಿನಿಂದ ನಾನು ಎರಡು ಬೇಲಿ ಹಾಕಿಕೊಂಡಿದ್ದೇನೆ. ‘--ಮ್ಯಾಕ್ಸ್-ಡಿಲೀಟ್=20’ ಎಂದು ಸೇರಿಸಿದರೆ ಇಪ್ಪತ್ತನ್ನು ಮೀರಿ ಅಳಿಸಲು ಆರ್‌ಸಿಂಕ್ ಒಪ್ಪುವುದಿಲ್ಲ. ‘--ಬ್ಯಾಕಪ್’ ಮತ್ತು ‘--ಬ್ಯಾಕಪ್-ಡಿರ್=’ ಎಂಬ ಜೋಡಿ ಆಯ್ಕೆಗಳನ್ನು ಕೊಟ್ಟು ಒಂದು ಫೋಲ್ಡರಿನ ವಿಳಾಸ ಬರೆದರೆ, ಅಳಿಸಬೇಕಾದ ಅಥವಾ ಬದಲಾಗಬೇಕಾದ ಹಳೆಯ ಫೈಲುಗಳು ನಾಶವಾಗದೆ ಅಲ್ಲಿಗೆ ಸರಿಯುತ್ತವೆ. ಆ ಫೋಲ್ಡರ್ ಗುರಿಯ ಹೊರಗೆ, ಆದರೆ ಅದೇ ಡಿಸ್ಕಿನಲ್ಲಿ ಇರಲಿ. ಮೂಲವೇ ಇನ್ನೊಂದು ಹೊರಡಿಸ್ಕ್ ಆಗಿದ್ದರೆ, ಅದು ಸರಿಯಾಗಿ ಜೋಡಣೆಯಾಗದೆ ಖಾಲಿ ಫೋಲ್ಡರಾಗಿ ಕಂಡಾಗಲೂ ಇದೇ ಅನಾಹುತ ನಡೆಯಬಹುದು. ಆಗಲೂ ಈ ಬೇಲಿಗಳು ಕಾಯುತ್ತವೆ.

ತಿಂಗಳಿಗೊಂದು ಪ್ರತಿ

ಇದಕ್ಕಿಂತಲೂ ಒಳ್ಳೆಯ ಏರ್ಪಾಡು ‘--ಲಿಂಕ್-ಡೆಸ್ಟ್’. ಜೂನ್ ತಿಂಗಳ ಪ್ರತಿ ಡಿಸ್ಕಿನಲ್ಲಿದೆ, ಈಗ ಜುಲೈ ತಿಂಗಳ ಪ್ರತಿ ಬೇಕು ಎಂದುಕೊಳ್ಳಿ:

ಆರ್‌ಸಿಂಕ್ -ಎವಿ --ಲಿಂಕ್-ಡೆಸ್ಟ್=/ಮೀಡಿಯಾ/ಸಂಘ/ಹೊರಡಿಸ್ಕ್/ಜೂನ್/ /ಹೋಮ್/ಸಂಘ/ದಾಖಲೆ/ /ಮೀಡಿಯಾ/ಸಂಘ/ಹೊರಡಿಸ್ಕ್/ಜುಲೈ/

ಬದಲಾಗದ ಫೈಲುಗಳನ್ನು ಮತ್ತೆ ನಕಲು ಮಾಡದೆ, ಜೂನ್‌ನಲ್ಲಿರುವ ಅದೇ ಫೈಲಿಗೆ ಜುಲೈನಲ್ಲಿ ಇನ್ನೊಂದು ಹೆಸರನ್ನು ಮಾತ್ರ ಕೊಡಲಾಗುತ್ತದೆ. ಇದನ್ನೇ ಹಾರ್ಡ್ ಲಿಂಕ್ ಎನ್ನುವುದು. ಎರಡೂ ಫೋಲ್ಡರುಗಳು ಪೂರ್ತಿಯಾಗಿ ಕಾಣುತ್ತವೆ, ಜಾಗ ಮಾತ್ರ ಹೊಸದಕ್ಕಷ್ಟೇ ತಗಲುತ್ತದೆ. ಜೂನನ್ನು ಅಳಿಸಿದರೂ ಜುಲೈಗೆ ಏನೂ ಆಗುವುದಿಲ್ಲ. ಆದರೆ ಹೆಸರು ಎರಡಿದ್ದರೂ ಡಿಸ್ಕಿನ ಮೇಲೆ ಇರುವುದು ಒಂದೇ ಫೈಲಾದ್ದರಿಂದ, ಆ ಜಾಗ ಕೆಟ್ಟರೆ ಎರಡು ತಿಂಗಳ ಪ್ರತಿಗಳೂ ಒಟ್ಟಿಗೆ ಕೆಡುತ್ತವೆ. ಇನ್ನೊಂದು ಡಿಸ್ಕ್ ಬೇಕೇ ಬೇಕು.

ಕನ್ನಡದ ಹೆಸರುಗಳ ತೊಡಕು

ಫೈಲುಗಳಿಗೆ ಇಂಗ್ಲಿಷಿನಲ್ಲಿ ಮಾತ್ರ ಹೆಸರಿಡುವವರಿಗೆ ಎದುರಾಗದ ಕೆಲವು ತೊಂದರೆಗಳಿವೆ. ಎಕ್ಸ್ಟ್4 ಡಿಸ್ಕಿನಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಒತ್ತಿಗಾಗಿ ಬರುವ ವಿರಾಮ (ಅರ್ಧಾಕ್ಷರದ ಚಿಹ್ನೆ), ಸ್ವರಚಿಹ್ನೆ ಎಲ್ಲಕ್ಕೂ ಪ್ರತ್ಯೇಕವಾಗಿ ಮೂರು ಮೂರು ಬೈಟ್. ‘ಶ್ರೀ’ ಎಂಬ ಒಂದೇ ಅಕ್ಷರ ಶಕಾರ, ವಿರಾಮ, ರಕಾರ, ದೀರ್ಘ ಎಂದು ನಾಲ್ಕು ಸಂಕೇತಗಳಾಗಿ ಹನ್ನೆರಡು ಬೈಟ್ ನುಂಗುತ್ತದೆ. ಹಾಗಾಗಿ ಎಕ್ಸ್‌ಫ್ಯಾಟ್ ಪೆನ್‌ಡ್ರೈವಿನಲ್ಲಿ ಸುಖವಾಗಿದ್ದ ಉದ್ದನೆಯ ಹೆಸರಿನ ಫೈಲು ಇಲ್ಲಿಗೆ ಬರುವಾಗ ‘ಹೆಸರು ತೀರಾ ಉದ್ದ’ ಎಂಬ ದೂರಿನೊಂದಿಗೆ ನಿಂತುಬಿಡುತ್ತದೆ. ಕಾರ್ಯಕ್ರಮದ ಪೂರ್ತಿ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸುವ ಅಭ್ಯಾಸವನ್ನು ಬಿಡುವುದೇ ಇದಕ್ಕೆ ಪರಿಹಾರ.

ಎರಡನೆಯದು ಹಳೆಯ ಮ್ಯಾಕ್ ಡಿಸ್ಕುಗಳಿಂದ ಬರುವ ತೊಂದರೆ. ‘ಫೋಟೋ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಎಚ್ಎಫ್ಎಸ್‌ ಪ್ಲಸ್ ಎಂಬ ಹಳೆಯ ಮ್ಯಾಕ್ ಮಾದರಿ ಹೆಸರುಗಳನ್ನು ತುಂಡುಗಳಾಗಿಯೇ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ. ಆರ್‌ಸಿಂಕ್‌ಗೆ ಎರಡು ಬೇರೆ ಬೇರೆ ಫೈಲುಗಳು. ಪರಿಣಾಮವಾಗಿ ಒಂದೇ ಹೆಸರು ಎರಡು ಸಲ ಕಾಣುತ್ತದೆ. ‘--ಐಕಾನ್ವ್’ ಎಂಬ ಆಯ್ಕೆ ಇರುವುದು ಇಂಥ ಅಂತರವನ್ನು ಸರಿಪಡಿಸಲೆಂದೇ. ಇನ್ನು, ಪಟ್ಟಿಯಲ್ಲಿ ಕನ್ನಡದ ಬದಲು ಓರೆಗೆರೆ ಮತ್ತು ಅಂಕಿಗಳ ಸಾಲು ಕಂಡರೆ ಗಾಬರಿಯಾಗಬೇಡಿ. ಆಜ್ಞೆಯಲ್ಲಿ ‘-8’ ಸೇರಿಸಿದರೆ ಅಕ್ಷರಗಳು ಅಕ್ಷರಗಳಾಗಿಯೇ ಕಾಣುತ್ತವೆ.

ಬೇರೆ ಮನೆಯ ಪ್ರತಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡ ಊರಿನವರಿಗೆ, ಎರಡೂ ಡಿಸ್ಕುಗಳು ಒಂದೇ ಕಪಾಟಿನಲ್ಲಿರಬಾರದು ಎಂದು ವಿವರಿಸಬೇಕಾಗಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳದಲ್ಲಿ ಎಂಬ ನಿಯಮ ಬ್ಯಾಕಪ್ ಇಡುವವರಲ್ಲಿ ರೂಢಿಯಲ್ಲಿದೆ. ಡಿಸ್ಕನ್ನು ಹೊತ್ತೊಯ್ಯುವುದು ಕಷ್ಟವಾದರೆ ಅಂತರ್ಜಾಲದ ಮೂಲಕ, ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಸಂಪರ್ಕಿಸುವ ಎಸ್ಎಸ್ಎಚ್ ಎಂಬ ವಿಧಾನವನ್ನು ಬಳಸಿ, ಇನ್ನೊಬ್ಬರ ಮನೆಯ ಕಂಪ್ಯೂಟರಿಗೂ ಕಳುಹಿಸಬಹುದು. ಅಲ್ಲಿ ಆರ್‌ಸಿಂಕ್‌ನ ನಿಜವಾದ ಶಕ್ತಿ ಕಾಣುತ್ತದೆ: ಪಡೆಯುವ ಕಂಪ್ಯೂಟರ್ ತನ್ನಲ್ಲಿರುವ ಹಳೆಯ ಫೈಲನ್ನು ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಗುರುತು ಸಂಖ್ಯೆಯನ್ನು ಕಳುಹಿಸುತ್ತದೆ, ಕಳುಹಿಸುವ ಕಂಪ್ಯೂಟರ್ ಹೊಸ ಫೈಲಿನಲ್ಲಿ ಆ ತುಂಡುಗಳು ಎಲ್ಲೇ ಸರಿದಿದ್ದರೂ ಗುರುತಿಸಿ, ಇಲ್ಲದ ಭಾಗವನ್ನಷ್ಟೇ ರವಾನಿಸುತ್ತದೆ. ಜಿಪ್‌ನಂಥ ಒತ್ತಿಟ್ಟ ಫೈಲುಗಳಲ್ಲಿ ಸಣ್ಣ ಬದಲಾವಣೆಯೂ ಮುಂದಿನ ಬಹಳಷ್ಟನ್ನು ಬದಲಿಸಬಹುದಾದ್ದರಿಂದ ಈ ಲಾಭ ಕಡಿಮೆಯಾಗುತ್ತದೆ. ಫೋಲ್ಡರನ್ನು ಜಿಪ್ ಮಾಡದೆ ಹಾಗೆಯೇ ಕಳುಹಿಸಿ. ಜೊತೆಗೆ ದೊಡ್ಡಕ್ಷರದ ‘-ಪಿ’ ಕೊಟ್ಟರೆ ಸಂಪರ್ಕ ಕಡಿದಾಗ ಅರ್ಧ ಬಂದದ್ದು ಉಳಿಯುತ್ತದೆ.

ಪರೀಕ್ಷೆ

ಗಾತ್ರ ಮತ್ತು ಸಮಯ ಬದಲಾಗದೆ ಒಳಗಿನದು ಮಾತ್ರ ಕೆಟ್ಟಿದ್ದರೆ ಆರ್‌ಸಿಂಕ್ ಅದನ್ನು ತಾನಾಗಿ ಗಮನಿಸುವುದಿಲ್ಲ. ಹೀಗಾಗಿ ಮೂರು ತಿಂಗಳಿಗೊಮ್ಮೆ ‘-ಎವಿಎನ್‌ಸಿ’ ಎಂದು ಕೊಟ್ಟು ನೋಡಿ. ‘ಸಿ’ ಇದ್ದಾಗ ಅದು ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದಿ ಹೋಲಿಸುತ್ತದೆ, ಹಾಗಾಗಿ ಗಂಟೆಗಟ್ಟಲೆ ಹಿಡಿಯಬಹುದು. ನೀವು ಮುಟ್ಟಿಯೇ ಇಲ್ಲದ ಹಳೆಯ ಆಡಿಯೊ ಫೈಲು ಪಟ್ಟಿಯಲ್ಲಿ ಬಂದರೆ ಎರಡರಲ್ಲಿ ಒಂದು ಕೆಟ್ಟಿದೆ ಎಂದು ಅನುಮಾನಿಸಿ, ಎರಡನ್ನೂ ತೆರೆದು ಕೇಳಿ, ಸರಿಯಿರುವುದು ಯಾವುದೆಂದು ತಿಳಿದ ಮೇಲೆಯೇ ಮುಂದುವರಿಯಿರಿ.

ಮರಳಿ ತರುವುದನ್ನೂ ಅಭ್ಯಾಸ ಮಾಡಿ. ಡಿಸ್ಕಿನ ಒಂದು ಫೋಲ್ಡರನ್ನು ಮೂಲವಾಗಿ, ಲ್ಯಾಪ್‌ಟಾಪ್‌ನ ‘ಪರೀಕ್ಷೆ’ ಎಂಬ ಖಾಲಿ ಫೋಲ್ಡರನ್ನು ಗುರಿಯಾಗಿ ಕೊಟ್ಟು, ಅಳಿಸುವ ಆಯ್ಕೆಯಿಲ್ಲದೆ ನಕಲು ಮಾಡಿ. ನಮ್ಮ ಸಂಘದಲ್ಲಿ ಈ ಕೆಲಸ ಈಗ ಹೊಸ ಕಾರ್ಯದರ್ಶಿಯವರದ್ದು: ಲ್ಯಾಪ್‌ಟಾಪ್ ಕೈಗೆ ಬಂದ ದಿನ ಅವರು ನನ್ನ ಎದುರು ಕುಳಿತು, ಡಿಸ್ಕಿನಿಂದ ಒಂದು ನಡಾವಳಿ, ಒಂದು ಫೋಟೊ ಮತ್ತು ಒಂದು ತಾಳಮದ್ದಳೆಯನ್ನು ತಾವೇ ಮರಳಿ ತಂದು, ತೆರೆದು ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ತಾರೀಖು ಹಾಕಿ ಸಹಿ ಮಾಡುತ್ತಾರೆ.