ಅರಿಶಿನದ ಪಟ್ಟಿ ಮತ್ತು ಸವಳು ಮಣ್ಣು

ಸಿಂಧನೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಏಳನೇ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂದಾಗಲೆಲ್ಲ ಬೀರುವಿನಿಂದ ಲಿಟ್ಮಸ್ ಕಾಗದ ತೆಗೆದು, ಮುಗಿದುಹೋದೀತೆಂಬ ಭಯದಲ್ಲಿ ಒಂದೆರಡು ಪಟ್ಟಿಗಳನ್ನು ನಾನೇ ಅದ್ದಿ ತೋರಿಸುತ್ತಿದ್ದೆ. ಮಕ್ಕಳು ದೂರದಿಂದ ನೋಡಿ ಬಣ್ಣಗಳನ್ನು ಬಾಯಿಪಾಠ ಮಾಡುತ್ತಿದ್ದರು. ‘ವಿಜ್ಞಾನ ಕಷ್ಟ’ ಎಂದು ಅವರು ಹೇಳಿದರೆ ತಪ್ಪು ಅವರದಾಗಿರಲಿಲ್ಲ.

ಒಂದು ವರ್ಷ ಹತ್ತು ರೂಪಾಯಿಯ ಅರಿಶಿನ ತಂದೆ. ಗಟ್ಟಿಯಾಗಿ ಕಲಸಿ, ಒರಟು ಕಾಗದಕ್ಕೆ ಬಳಿದು, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳನ್ನು ಕತ್ತರಿಸಿದೆವು. ಒಬ್ಬೊಬ್ಬರಿಗೂ ಹತ್ತು ಪಟ್ಟಿ. ಸೋಪಿನ ನೀರು ತಾಗಿದೊಡನೆ ಹಳದಿ ಕೆಂಪಾಯಿತು. ಸುಣ್ಣದ ತಿಳಿಯನ್ನು ಮಾತ್ರ ನಾನೇ ಹನಿಸಿದೆ, ಕಣ್ಣಿಗೆ ಸಿಡಿಯಬಾರದು. ‘ಟೀಚರ್, ನಮ್ಮ ಅಜ್ಜಿ ಆರತಿಯ ನೀರನ್ನು ಹೀಗೆಯೇ ಕೆಂಪು ಮಾಡುತ್ತಾಳೆ!’ ಎಂದಳು ಹಿಂದಿನ ಬೆಂಚಿನ ಹುಡುಗಿ. ಅಲ್ಲಿಯವರೆಗೆ ಆಕೆ ತರಗತಿಯಲ್ಲಿ ತಾನಾಗಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ. ಕೆಂಪಾದ ಪಟ್ಟಿಯ ಮೇಲೆ ಯಾರೋ ನಿಂಬೆ ಹಿಂಡಿದರು, ಮತ್ತೆ ಹಳದಿ. ಸಾಮಗ್ರಿ ಅಗ್ಗವಾಗಿದ್ದರೆ ಕೆಡಿಸಿ ನೋಡುವ ಧೈರ್ಯ ಮಕ್ಕಳಿಗೆ ಬರುತ್ತದೆ. ನನಗೆ ಬೇಕಾಗಿದ್ದದ್ದು ಅದೇ. ಒಂದು ಕೊರತೆಯಿದೆ: ಆಮ್ಲಕ್ಕೂ ಬರಿಯ ನೀರಿಗೂ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಅದಕ್ಕೆ ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಬೇಕು.

ಮರುದಿನ ಇಬ್ಬರು ಬೆಳೆ ಸರಿಯಾಗಿ ಬಾರದ ಸವಳು ಮಣ್ಣು ತಂದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಕಟ. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ, ತಿಳಿಯಾಗಲು ಬಿಟ್ಟು ಪಟ್ಟಿ ಅದ್ದಿದರು. ಹುಡುಗನ ಪಟ್ಟಿ ಕಂದುಗೆಂಪಾಯಿತು. ಆರತಿಯ ಹುಡುಗಿಯ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತಿದ್ದರೂ ಅವಳ ಪಟ್ಟಿ ಹಳದಿಯಾಗಿಯೇ ಇತ್ತು. ‘ನಮ್ಮದೂ ಸವಳೇ, ಹಾಗಾದರೆ ಏಕೆ?’ ಎಂದು ಪಟ್ಟು ಹಿಡಿದಳು. ನಾಳೆ ಹೇಳುತ್ತೇನೆ ಎಂದೆ.

ರಾತ್ರಿ ಓದಿಕೊಂಡೆ. ಎರಡನ್ನೂ ಸವಳು ಎಂದೇ ಕರೆದರೂ ಕ್ಷಾರ (ಪ್ರತ್ಯಾಮ್ಲೀಯ) ಮಣ್ಣು ಬೇರೆ, ಲವಣ ತುಂಬಿದ ಮಣ್ಣು ಬೇರೆ; ಅರಿಶಿನವನ್ನು ಕೆಂಪಾಗಿಸುವುದು ಮೊದಲನೆಯದು. ಮೊದಲನೆಯದಕ್ಕೆ ಜಿಪ್ಸಂ ಹಾಕುತ್ತಾರೆ; ಎರಡನೆಯದರ ಉಪ್ಪನ್ನು ನೀರು ನಿಲ್ಲಿಸಿ ಬಸಿದು ತೆಗೆಯಬೇಕು. ಬೆಳಿಗ್ಗೆ ಉತ್ತರ ಹೇಳದೆ ಮೂರು ಸೆಲ್, ಒಂದು ಎಲ್‌ಇಡಿ, ಎರಡು ತಂತಿ ಅವಳ ಕೈಗಿಟ್ಟೆ. ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಕಾಲುವೆಯ ನೀರಿನಲ್ಲಿ ದೀಪ ಮಿಣುಕಿತು. ತನ್ನ ಮಣ್ಣಿನ ತಿಳಿಯಲ್ಲಿ ತಂತಿ ಅದ್ದಿದಾಗ ಅದು ಚೆನ್ನಾಗಿ ಬೆಳಗಿತು. ‘ಉಪ್ಪು!’ ಎಂದು ಅವಳೇ ಕೂಗಿದಳು.