ತಲೆಗೆ ನೀರು ಹಾಕಿಕೊಂಡ ಮೇಲೂ ಜಿಡ್ಡು ಹೋಗದಿದ್ದರೆ

ತಲೆಸ್ನಾನ ಆಗಿ, ಕೂದಲು ಒಣಗಿ, ಬಾಚಲು ಕೂತರೆ ಬಾಚಣಿಗೆಗೆಲ್ಲ ಜಿಡ್ಡು ಅಂತ ಎಷ್ಟೋ ಹೆಣ್ಣುಮಕ್ಕಳು ಬಂದು ಹೇಳುತ್ತಾರೆ. ಹೇಳಿದ ವಾರವೇ ಹೊಸ ಶಾಂಪೂ ಬಾಟಲಿ ಮನೆಗೆ ಬಂದಿರುತ್ತದೆ. ದುಡ್ಡು ಹಾಕುವ ಮೊದಲು ಒಂದು ನೋಡಿಕೊಳ್ಳಿ, ಜಿಡ್ಡು ಯಾವಾಗ ಬರುತ್ತದೆ? ಒಣಗಿದ ತಕ್ಷಣವೇ ಕೂದಲು ಅಂಟಂಟಾಗಿದ್ದರೆ ಅದು ತೊಳೆಯುವಾಗ ಉಳಿದುಕೊಂಡದ್ದು. ಒಣಗಿದಾಗ ಹಗುರವಾಗಿದ್ದು ಮಾರನೇ ದಿನ ಜಿಡ್ಡಾದರೆ ಅದು ನೆತ್ತಿಯೇ ಬಿಡುವ ಎಣ್ಣೆ. ಎರಡಕ್ಕೂ ಮದ್ದು ಬೇರೆ.

ತಕ್ಷಣವೇ ಅಂಟುತ್ತಿದ್ದರೆ ಮೊದಲು ನೀರು ನೋಡಿ. ಕಾವೇರಿ ನೀರು ಬಿಟ್ಟು ಬರೀ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ಗೋಳು ಜಾಸ್ತಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ಕರಗದ ಬಿಳಿ ಗಸಿ ಆಗುತ್ತದೆ, ಅದು ಕೂದಲಿಗೆ ಮೆತ್ತಿಕೊಂಡರೆ ಎಷ್ಟು ತೊಳೆದರೂ ಮೇಣದ ಹಾಗೆ ಕೂತಿರುತ್ತದೆ. ಅನುಮಾನ ಇದ್ದರೆ ಒಂದು ಬಾಟಲಿಗೆ ಅರ್ಧ ನೀರು ಹಾಕಿ, ಸ್ನಾನದ ಸೋಪು ಚೂರು ಕೆರೆದು ಹಾಕಿ ಚೆನ್ನಾಗಿ ಕುಲುಕಿ. ನೊರೆ ಕಡಿಮೆ ಬಂದು ನೀರು ಹಾಲುಹಾಲಾದರೆ ಗಡಸು ನೀರೇ. ಅಂಥ ಮನೆಯಲ್ಲಿ ತಲೆಗೆ ಸೋಪು ಮುಟ್ಟಿಸಬೇಡಿ. ಕೊನೆಗೆ ಒಂದು ದೊಡ್ಡ ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಹಾಕಿ ಕೂದಲ ಮೇಲೆ ಸುರಿದು, ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ. ಹುಳಿಗೆ ಆ ಗಸಿ ಬಿಡುತ್ತದೆ. ಕಣ್ಣಿಗೆ ಬೀಳಬಾರದು, ನೆತ್ತಿಯಲ್ಲಿ ಗಾಯ ಇದ್ದರೆ ಬೇಡವೇ ಬೇಡ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟುಕೊಳ್ಳುವವರು ತಲೆಸ್ನಾನಕ್ಕೆ ಅದನ್ನೇ ಬಳಸಿ, ತುಂಬಾ ಮೆದು ನೀರು ಅದು.

ಇನ್ನು ಎಣ್ಣೆ. ನಮ್ಮ ಕಡೆ ಹರಳೆಣ್ಣೆ ಹಚ್ಚಿ ಎಣ್ಣೆನೀರು ಹಾಕಿಕೊಳ್ಳದಿದ್ದರೆ ಸ್ನಾನವೇ ಅಲ್ಲ ಅನ್ನುವವರು ಈಗಲೂ ಇದ್ದಾರೆ, ನನಗೂ ಅದು ಇಷ್ಟವೇ. ಆದರೆ ಹರಳೆಣ್ಣೆ ಬಹಳ ಮಂದ, ಒಂದು ಸಲದ ಶಾಂಪೂಗೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆಗೆ ಸ್ವಲ್ಪವೇ ಬೆರೆಸಿ, ಅಂಗೈಯಲ್ಲಿ ಹಿಡಿಯುವಷ್ಟು ಸಾಕು, ಒಂದು ಗಂಟೆ ಬಿಟ್ಟರೆ ಆಯಿತು. ಮೈಸೂರಿನ ದೇವರಾಜ ಮಾರ್ಕೆಟ್ ಕಡೆ ಗ್ರಂಥಿಗೆ ಅಂಗಡಿಯಲ್ಲಿ ಸೀಗೆಪುಡಿ, ಚಿಗರೆಪುಡಿ (ಚಿಗರೆ ಮರದ ಎಲೆ ಒಣಗಿಸಿ ಮಾಡಿದ್ದು) ಸಿಗುತ್ತವೆ. ಎರಡನ್ನೂ ನುಣ್ಣಗೆ ಜರಡಿ ಹಿಡಿದು, ಅನ್ನ ಬಸಿದ ಗಂಜಿಯಲ್ಲಿ ಕಲೆಸಿ, ನೀರು ಹಾಕುವ ಮೊದಲೇ ಎಣ್ಣೆತಲೆಗೆ ತಿಕ್ಕಿ. ಮೊದಲು ನೀರು ಸುರಿದರೆ ಎಣ್ಣೆ ಜಾರಿ ಜಾರಿ ಉಳಿಯುತ್ತದೆ. ಇದೂ ಕಣ್ಣಿಗೆ ಉರಿ, ಮಕ್ಕಳಿಗೆ ಹಾಕುವಾಗ ಜೋಪಾನ.

ಶಾಂಪೂ ಹಾಕುವವರು ಮಗ್‌ನಲ್ಲಿ ನೀರು ಬೆರೆಸಿ, ಸ್ವಲ್ಪ ಸ್ವಲ್ಪ ಎರಡು ಸಲ ಹಾಕಿ, ಬೆರಳ ತುದಿಯಿಂದ ನೆತ್ತಿ ಉಜ್ಜಿ. ಕಂಡಿಷನರ್ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ, ಬುಡಕ್ಕೆ ಹಚ್ಚಿದರೆ ಜಿಡ್ಡು ಖಂಡಿತ. ತೊಳೆಯುವಾಗ ಆತುರ ಬೇಡ. ಕತ್ತಿನ ಹಿಂದೆ, ಕಿವಿಯ ಹಿಂದೆ ಕೂದಲು ದಟ್ಟ, ಅಲ್ಲಿಗೆ ನೀರೇ ಸರಿಯಾಗಿ ಹೋಗಿರುವುದಿಲ್ಲ.

ಮಾರನೇ ದಿನ ಜಿಡ್ಡಾಗುವವರ ವಿಷಯ ಬೇರೆ. ಹದಿಹರೆಯದಲ್ಲಿ ಹಾರ್ಮೋನಿನ ಕಾರಣಕ್ಕೆ ನೆತ್ತಿಯ ಗ್ರಂಥಿಗಳು ಎಣ್ಣೆ ಜಾಸ್ತಿ ಬಿಡುತ್ತವೆ, ಮಗುವನ್ನು ಬೈಯಬೇಡಿ. ತೊಳೆದಷ್ಟೂ ಎಣ್ಣೆ ಬರುತ್ತದೆ ಅಂತ ಹೆದರಿ ವಾರಗಟ್ಟಲೆ ಬಿಡುವುದೂ ಬೇಡ, ದಿನ ಬಿಟ್ಟು ದಿನ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಲಿ. ಬಾಚಣಿಗೆ, ದಿಂಬಿನ ಕವರ್, ಹೆಲ್ಮೆಟ್ ಒಳಗಿನ ಬಟ್ಟೆ ಕೂಡ ವಾರಕ್ಕೊಮ್ಮೆ ತೊಳೆಯಬೇಕು. ಇದನ್ನು ಎಷ್ಟು ಜನ ಮಾಡುತ್ತಾರೆ ಹೇಳಿ?

ನೆತ್ತಿಯಲ್ಲಿ ಹಳದಿ ಹೊಟ್ಟು ಏಳುತ್ತಿದ್ದರೆ, ಕೆರೆತ, ಕೆಂಪು ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಕೀಟೋಕೊನಜೋಲ್ ಅನ್ನುವ, ಶಿಲೀಂಧ್ರ ತಡೆಯುವ ಮದ್ದಿರುವ ಶಾಂಪೂ ಬರೆದುಕೊಡುತ್ತಾರೆ. ಅದನ್ನು ಹಚ್ಚಿ 3ರಿಂದ 5 ನಿಮಿಷ ಬಿಡಬೇಕು, ಹಾಕಿದ ತಕ್ಷಣ ತೊಳೆದರೆ ಸುಮ್ನೆ ದಂಡ. ಜಿಡ್ಡಿನ ಜೊತೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಡಿ, ನೆತ್ತಿ ಇರುವ ಹಾಗೇ ಅವರಿಗೆ ಕಾಣಲಿ.